ಓದುಗರ ಪ್ರಶ್ನೆ: ಫುಟ್‌ಬಾಲ್ ಕ್ಲಬ್ಬುಗಳ ಜಮಾಖರ್ಚು

ಇಂಗ್ಲೆಂಡಿನ ಎವರ್ಟನ್ ಕ್ಲಬ್ಬು ಲೆಕ್ಕಪತ್ರದ ತಪ್ಪಿಗಾಗಿ ಅಂಕ ಕಳೆದುಕೊಂಡ ಪ್ರಸಂಗವನ್ನು ಹಿಂದಿನ ಸಂಚಿಕೆಯೊಂದರಲ್ಲಿ ಪ್ರಸ್ತಾಪಿಸಿದ್ದೆ. ಆ ಬಳಿಕ ಬಂದ ಪತ್ರಗಳಲ್ಲಿ ಹೆಚ್ಚಿನವು ಗೋಲು, ತಂತ್ರ, ಆಟಗಾರರ ಫಾರ್ಮ್ ಇವನ್ನೆಲ್ಲ ಬದಿಗಿಟ್ಟು ಹಣದ ಬಗ್ಗೆಯೇ ಕೇಳಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಕೇಳಿದವರ ಊರನ್ನಷ್ಟೇ ಉಳಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಹನ್ನೊಂದು ಜನ ಬೆವರು ಸುರಿಸಿ ಮೈದಾನದಲ್ಲಿ ಗಳಿಸಿದ ಅಂಕಗಳನ್ನು ಕಚೇರಿಯಲ್ಲಿ ಕುಳಿತವರ ತಪ್ಪಿಗಾಗಿ ಕಿತ್ತುಕೊಳ್ಳುವುದು ಯಾವ ನ್ಯಾಯ? ಎವರ್ಟನ್ ಮಾಡಿದ ತಪ್ಪಾದರೂ ಏನು? (ಧಾರವಾಡ)

ಉತ್ತರ: ಇಂಗ್ಲೆಂಡಿನ ಅತಿ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗಿನ ಲಾಭ ಮತ್ತು ಸುಸ್ಥಿರತೆಯ ನಿಯಮಗಳ ಪ್ರಕಾರ ಒಂದು ಕ್ಲಬ್ಬು ಮೂರು ಋತುಗಳಲ್ಲಿ ಒಟ್ಟು 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ಅನುಭವಿಸುವಂತಿಲ್ಲ. ಎಳೆಯರ ತರಬೇತಿ, ಮಹಿಳಾ ತಂಡ, ಕ್ರೀಡಾಂಗಣ ನಿರ್ಮಾಣ, ಸಮುದಾಯ ಕಾರ್ಯಗಳ ವೆಚ್ಚವನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎವರ್ಟನ್ನಿನ ನಷ್ಟ 12.45 ಕೋಟಿ ಪೌಂಡ್ ಎಂದು ವಿಚಾರಣಾ ಆಯೋಗ ನಿರ್ಧರಿಸಿತು, ಅಂದರೆ ಮಿತಿಯನ್ನು 1.95 ಕೋಟಿ ಮೀರಿತ್ತು. ಹೊಸ ಕ್ರೀಡಾಂಗಣಕ್ಕೆ ಸಂಬಂಧಿಸಿದ ಬಡ್ಡಿಯನ್ನು ಲೆಕ್ಕದಿಂದ ಹೊರಗಿಡಬೇಕು ಎಂಬುದು ಕ್ಲಬ್ಬಿನ ವಾದಗಳಲ್ಲೊಂದಾಗಿತ್ತು. 2023ರ ನವೆಂಬರಿನಲ್ಲಿ ಹತ್ತು ಅಂಕ ಕಡಿತವಾಯಿತು. ಮೇಲ್ಮನವಿಯಲ್ಲಿ ಅದು ಆರಕ್ಕೆ ಇಳಿಯಿತು. ಮುಂದಿನ ಅವಧಿಯ ಲೆಕ್ಕಕ್ಕಾಗಿ 2024ರ ಏಪ್ರಿಲ್‌ನಲ್ಲಿ ಮತ್ತೆರಡು ಅಂಕ ಹೋದವು.

ಅಂಕ ಕಡಿತ ಕಠೋರವೆನಿಸಿದರೂ ಶಿಕ್ಷೆಯ ಬಗೆಯ ಬಗ್ಗೆ ನನಗೆ ತಕರಾರಿಲ್ಲ. ಕೋಟಿಗಟ್ಟಲೆ ಪೌಂಡ್ ಸುರಿಯಬಲ್ಲ ಮಾಲೀಕನಿಗೆ ಹಣದ ದಂಡವು ಖರ್ಚಿನ ಪಟ್ಟಿಯಲ್ಲಿ ಇನ್ನೊಂದು ಸಾಲು ಮಾತ್ರ. ಕೈಯಲ್ಲಿಲ್ಲದ ಹಣದಿಂದ ಕೊಂಡ ಆಟಗಾರ ಗಳಿಸಿಕೊಟ್ಟ ಅಂಕಗಳು ಮಿತಿಯೊಳಗೆ ಬಾಳಿದ ಎದುರಾಳಿಗೆ ಮಾಡಿದ ಅನ್ಯಾಯವೂ ಹೌದು. ನನ್ನ ಆಕ್ಷೇಪವಿರುವುದು ಶಿಕ್ಷೆಯ ಕಾಲದ ಬಗ್ಗೆ. ಎವರ್ಟನ್ ಮಿತಿ ಮೀರಿದ್ದು 2021–22ಕ್ಕೆ ಮುಗಿದ ಲೆಕ್ಕದ ಅವಧಿಯಲ್ಲಿ. ಆ ಋತುವಿನಲ್ಲಿ ಎವರ್ಟನ್ 39 ಅಂಕ ಗಳಿಸಿ ಉಳಿದುಕೊಂಡಿತು, ಬರ್ನ್ಲಿ 35 ಅಂಕ ಗಳಿಸಿ ಕೆಳಗಿನ ದರ್ಜೆಗೆ ಜಾರಿತು. ಆರು ಅಂಕಗಳ ಕಡಿತ ಅದೇ ಋತುವಿನಲ್ಲಿ ಜಾರಿಯಾಗಿದ್ದರೆ ಎವರ್ಟನ್ 33ಕ್ಕೆ ಇಳಿದು, ಬರ್ನ್ಲಿ ಮೇಲಿನ ದರ್ಜೆಯಲ್ಲೇ ಉಳಿಯುತ್ತಿತ್ತು. ಒಂದು ಊರಿನ ಕ್ಲಬ್ಬು ದರ್ಜೆ ಕಳೆದುಕೊಂಡಿತೆಂದರೆ ಟಿವಿ ಹಣ ಕುಸಿಯುತ್ತದೆ, ಆಟಗಾರರು ಹೊರಡುತ್ತಾರೆ, ಕಚೇರಿಯ ಸಿಬ್ಬಂದಿ ಕೆಲಸ ಕಳೆದುಕೊಳ್ಳುತ್ತಾರೆ. ಒಂದೂವರೆ ವರ್ಷದ ಬಳಿಕ ಬಂದ ತೀರ್ಪು ಅದನ್ನೆಲ್ಲ ಮರಳಿ ಕಟ್ಟಿಕೊಡಲಾರದು. ಆಮೇಲೆ ಲೀಗು ವಿಚಾರಣೆಯನ್ನು ಅದೇ ಋತುವಿನೊಳಗೆ ಮುಗಿಸುವ ವೇಳಾಪಟ್ಟಿ ತಂದಿತು. ಎವರ್ಟನ್ನಿನ ಎರಡನೆಯ ಕಡಿತವೂ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ನಾಲ್ಕು ಅಂಕಗಳ ಕಡಿತವೂ ಹಾಗೆಯೇ ಬೇಗನೆ ತೀರ್ಮಾನವಾದವು.

ಫಾರೆಸ್ಟ್‌ನ ಪ್ರಕರಣವನ್ನೂ ಕೆಲವರು ಕೇಳಿದ್ದಾರೆ. ಆ ಅವಧಿಯ ಎರಡು ಋತುಗಳನ್ನು ಅದು ಕೆಳಗಿನ ದರ್ಜೆಯಲ್ಲಿ ಕಳೆದಿದ್ದರಿಂದ ಅದಕ್ಕಿದ್ದ ಮಿತಿ 6.1 ಕೋಟಿ ಪೌಂಡ್ ಮಾತ್ರ, ಮೀರಿದ್ದು 3.45 ಕೋಟಿ. ಲೆಕ್ಕದ ವರ್ಷ ಮುಗಿಯುವ ಜೂನ್ 30ರೊಳಗೆ ನಮ್ಮ ಆಟಗಾರ ಬ್ರೆನನ್ ಜಾನ್ಸನ್ ಅವರನ್ನು ಮಾರದೆ, ಹೆಚ್ಚಿನ ಬೆಲೆಗಾಗಿ ಕಾದು ಸೆಪ್ಟೆಂಬರಿನಲ್ಲಿ ಟಾಟನ್‌ಹ್ಯಾಮ್‌ಗೆ ಮಾರಿದೆವು, ಇದು ಜಾಣ ವ್ಯಾಪಾರವಲ್ಲವೇ ಎಂದು ಕ್ಲಬ್ಬು ವಾದಿಸಿತು. ಆಯೋಗ ಒಪ್ಪಲಿಲ್ಲ. ಒಪ್ಪಿದ್ದರೆ ಗಡುವು ಎಂಬ ಮಾತಿಗೇ ಅರ್ಥ ಉಳಿಯುತ್ತಿರಲಿಲ್ಲ.

ಪ್ರಶ್ನೆ: ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಎವರ್ಟನ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಖರ್ಚು ಮಾಡಿದ ಚೆಲ್ಸಿ ಕ್ಲಬ್ಬಿಗೆ ಈ ನಷ್ಟದ ಮಿತಿ ಏಕೆ ತಗಲಲಿಲ್ಲ? ಲೆಕ್ಕದಲ್ಲಿ ಏನು ಮಾಡುತ್ತಾರೆ? (ಮಂಗಳೂರು)

ಉತ್ತರ: ನೀವು ತರಗತಿಯಲ್ಲಿ ಓದಿರುವ ಅಮಾರ್ಟೈಸೇಶನ್ನೇ ಇದರ ಕೀಲಿಕೈ. ಆಟಗಾರನಿಗೆ ಕೊಟ್ಟ ವರ್ಗಾವಣೆ ಶುಲ್ಕವನ್ನು ಕ್ಲಬ್ಬು ಒಂದೇ ವರ್ಷದ ಖರ್ಚಾಗಿ ಬರೆಯದೆ ಕರಾರಿನ ವರ್ಷಗಳಿಗೆ ಸಮನಾಗಿ ಹಂಚುತ್ತದೆ. 2023ರ ಜನವರಿಯ ಕೊನೆಯ ದಿನ ಚೆಲ್ಸಿಯು ಅರ್ಜೆಂಟೀನಾದ ಎನ್ಸೊ ಫೆರ್ನಾಂಡಿಸ್ ಅವರನ್ನು ಸುಮಾರು 10.68 ಕೋಟಿ ಪೌಂಡ್‌ಗೆ, ಎಂಟೂವರೆ ವರ್ಷಗಳ ಕರಾರಿನ ಮೇಲೆ ಕೊಂಡಿತು. ಭಾಗಿಸಿ ನೋಡಿದರೆ ವರ್ಷಕ್ಕೆ ಬರೆಯಬೇಕಾದದ್ದು 1.26 ಕೋಟಿಯಷ್ಟೇ, ಐದು ವರ್ಷಗಳ ಕರಾರಾಗಿದ್ದರೆ 2.14 ಕೋಟಿ ಬರೆಯಬೇಕಿತ್ತು. ಯುರೋಪಿನ ಆಡಳಿತ ಸಂಸ್ಥೆ ಯೂಫಾ ಅದೇ ವರ್ಷದ ಬೇಸಿಗೆಯಿಂದ ಈ ಹಂಚಿಕೆಯನ್ನು ಐದು ವರ್ಷಗಳಿಗೆ ಮಿತಿಗೊಳಿಸಿತು, ಪ್ರೀಮಿಯರ್ ಲೀಗಿನ ಕ್ಲಬ್ಬುಗಳು ಡಿಸೆಂಬರಿನಲ್ಲಿ ಅದನ್ನೇ ಅನುಸರಿಸಿದವು. ಹಳೆಯ ಕರಾರುಗಳಿಗೆ ಅದು ಅನ್ವಯಿಸಲಿಲ್ಲ.

ಮಾರಾಟದ ಲೆಕ್ಕ ಇದಕ್ಕೆ ತದ್ವಿರುದ್ಧ. ಕೊಂಡಾಗ ಖರ್ಚು ವರ್ಷಗಳಿಗೆ ಹರಡಿಕೊಳ್ಳುತ್ತದೆ, ಮಾರಿದಾಗ ಲಾಭ ಒಂದೇ ಬಾರಿಗೆ ಜಮೆಯಾಗುತ್ತದೆ. ಎಳವೆಯಿಂದ ಕ್ಲಬ್ಬಿನಲ್ಲೇ ಬೆಳೆದ ಹುಡುಗನಿಗೆ ಶುಲ್ಕ ಕೊಟ್ಟಿಲ್ಲವಾದ್ದರಿಂದ ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ. ಮಾರಿದ ಹಣವೆಲ್ಲ ಅಪ್ಪಟ ಲಾಭ. ಆರನೆಯ ವಯಸ್ಸಿನಲ್ಲಿ ಚೆಲ್ಸಿ ಸೇರಿದ್ದ ಮೇಸನ್ ಮೌಂಟ್ 2023ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೂ, ಕಾನರ್ ಗ್ಯಾಲಹರ್ 2024ರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ಗೂ ಹೋದರು. ಸಾಲ ತೀರಿಸಲು ಹಿತ್ತಲಿನಲ್ಲಿ ತಾನೇ ನೀರೆರೆದು ಬೆಳೆಸಿದ ಮರವನ್ನು ಮೊದಲು ಕಡಿದು ಮಾರಿದಂತೆ ಇದು. ಕ್ಲಬ್ಬುಗಳನ್ನು ಹದ್ದುಬಸ್ತಿನಲ್ಲಿಡಲು ಮಾಡಿದ ನಿಯಮವು ತಮ್ಮೂರಿನ ಹುಡುಗನನ್ನೇ ಮೊದಲು ಮಾರಲು ಪ್ರೇರೇಪಿಸಿತು ಎಂಬುದು ನನ್ನನ್ನು ನಿಜವಾಗಿ ನೋಯಿಸುವ ಸಂಗತಿ. ಸ್ಟ್ಯಾಂಡಿನಲ್ಲಿ ಕುಳಿತ ಅಭಿಮಾನಿ ಅಂಥ ಆಟಗಾರನಲ್ಲಿ ತನ್ನ ಬೀದಿಯ ಹುಡುಗನನ್ನು ಕಾಣುತ್ತಾನೆ, ಆದರೆ ಲೆಕ್ಕಿಗನಿಗೆ ಅವನು ಎಲ್ಲರಿಗಿಂತ ಲಾಭದಾಯಕ ಸರಕು.

ಇಷ್ಟೂ ಸಾಲದೆ ಚೆಲ್ಸಿ ತನ್ನ ಎರಡು ಹೋಟೆಲುಗಳನ್ನು ಒಂದೇ ಒಡೆತನದ ಇನ್ನೊಂದು ಕಂಪನಿಗೆ 7.65 ಕೋಟಿ ಪೌಂಡ್‌ಗೆ ಮಾರಿ ಲಾಭ ತೋರಿಸಿತು, ಮುಂದೆ ಮಹಿಳಾ ತಂಡವನ್ನೂ ಹಾಗೆಯೇ ಮಾತೃಸಂಸ್ಥೆಗೆ ವರ್ಗಾಯಿಸಿತು. ಪ್ರೀಮಿಯರ್ ಲೀಗಿನ ನಿಯಮ ಇದಕ್ಕೆ ಅಡ್ಡಿಮಾಡಲಿಲ್ಲ. ಎಡಗೈಯಿಂದ ಬಲಗೈಗೆ ದಾಟಿದ ಇಂಥ ಹಣವನ್ನು ಯೂಫಾ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2025ರ ಜುಲೈನಲ್ಲಿ ಅದು ಚೆಲ್ಸಿಗೆ ಒಟ್ಟು 3.1 ಕೋಟಿ ಯೂರೊ ದಂಡ ವಿಧಿಸಿತು. ಈಗ ಎರಡೂ ಕಡೆ ನಷ್ಟದ ಲೆಕ್ಕಕ್ಕಿಂತ ತಂಡದ ಮೇಲಿನ ಖರ್ಚಿನ ಪ್ರಮಾಣಕ್ಕೆ ಒತ್ತು ಬರುತ್ತಿದೆ. ಸಂಬಳ, ವರ್ಗಾವಣೆ, ಏಜೆಂಟರ ಶುಲ್ಕ ಎಲ್ಲ ಸೇರಿ ಆದಾಯದ ಶೇ 70 ಮೀರಬಾರದು ಎನ್ನುತ್ತದೆ ಯೂಫಾ. ಪ್ರೀಮಿಯರ್ ಲೀಗ್ 2026–27ರ ಋತುವಿನಿಂದ ಶೇ 85ರ ಮಿತಿಯನ್ನು ಒಪ್ಪಿಕೊಂಡಿದೆ. ಈ ಪದ್ಧತಿ ಸರಳವಾಗಿದೆ, ಆದರೆ ಆದಾಯವೇ ಅಳತೆಗೋಲಾದಾಗ ಈಗಾಗಲೇ ದೊಡ್ಡದಾಗಿರುವ ಕ್ಲಬ್ಬಿಗೆ ಖರ್ಚಿನ ಅವಕಾಶವೂ ದೊಡ್ಡದಾಗಿಯೇ ಇರುತ್ತದೆ ಎಂಬುದನ್ನು ನೀವು ನಿಮ್ಮ ತರಗತಿಯಲ್ಲಿ ಚರ್ಚಿಸಬಹುದು.

ಪ್ರಶ್ನೆ: ಆಟಗಾರರನ್ನು ದನದ ಜಾತ್ರೆಯಲ್ಲಿ ಬೆಲೆ ಕಟ್ಟಿದಂತೆ ಕಟ್ಟುತ್ತಾರೆ. ಅವರ ಒಪ್ಪಿಗೆಗೆ ಬೆಲೆಯಿಲ್ಲವೇ? (ತೀರ್ಥಹಳ್ಳಿ)

ಉತ್ತರ: ಇದೆ. ಆಟಗಾರ ಒಪ್ಪದೆ ವರ್ಗಾವಣೆ ನಡೆಯುವುದಿಲ್ಲ. ಶುಲ್ಕವೆಂದರೆ ಮನುಷ್ಯನ ಬೆಲೆಯೂ ಅಲ್ಲ, ಇನ್ನೂ ಮುಗಿಯದ ಕರಾರನ್ನು ಮುರಿದುಕೊಡಲು ಹಳೆಯ ಕ್ಲಬ್ಬಿಗೆ ಕೊಡುವ ಪರಿಹಾರ ಅದು. ಆದರೆ ನಿಮ್ಮ ಸಿಟ್ಟಿಗೆ ಚರಿತ್ರೆಯಲ್ಲಿ ಆಧಾರವಿದೆ. ಬೆಲ್ಜಿಯಂನ ಜೀನ್-ಮಾರ್ಕ್ ಬಾಸ್ಮನ್ ಅವರ ಕರಾರು 1990ರಲ್ಲಿ ಮುಗಿದಿತ್ತು. ಆದರೂ ಫ್ರಾನ್ಸಿನ ಡಂಕರ್ಕ್ ಕ್ಲಬ್ಬಿಗೆ ಹೋಗಬೇಕಾದರೆ ಶುಲ್ಕ ಬೇಕೆಂದು ಅವರ ಲಿಯೇಜ್ ಕ್ಲಬ್ಬು ಪಟ್ಟು ಹಿಡಿಯಿತು. ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯವು, ಕರಾರು ಮುಗಿದ ಆಟಗಾರ ಯುರೋಪಿಯನ್ ಒಕ್ಕೂಟದ ಇನ್ನೊಂದು ದೇಶದ ಕ್ಲಬ್ಬಿಗೆ ಶುಲ್ಕವಿಲ್ಲದೆ ಹೋಗಬಹುದು ಎಂದು ತೀರ್ಪಿತ್ತಿತು. ಇಂದಿನ ತಾರೆಯರು ಕರಾರಿನ ಕೊನೆಯ ವರ್ಷ ಹತ್ತಿರವಾದಾಗ ತಾವೇ ಷರತ್ತು ಹಾಕುವ ಸ್ಥಿತಿಗೆ ಬಂದಿದ್ದರೆ ಅದರ ಬೀಜ ಬಿತ್ತಿದವರು ಬಾಸ್ಮನ್. ಅವರ ಸ್ವಂತ ಆಟದ ಬದುಕು ಮಾತ್ರ ಆ ಹೋರಾಟದಲ್ಲೇ ಮುಗಿದುಹೋಯಿತು.

ಇದರ ಜೊತೆಗೆ ಹೆಚ್ಚು ಜನರಿಗೆ ತಿಳಿಯದ ಒಂದು ಒಳ್ಳೆಯ ನಿಯಮವನ್ನೂ ಹೇಳಬೇಕು. ದೇಶದಿಂದ ದೇಶಕ್ಕೆ ನಡೆಯುವ ವರ್ಗಾವಣೆಯಲ್ಲಿ ಶುಲ್ಕದ ಶೇ 5ರಷ್ಟನ್ನು, ಆಟಗಾರನನ್ನು 12ರಿಂದ 23ನೆಯ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕೆಂದು ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾ ವಿಧಿಸಿದೆ. ಹನ್ನೆರಡರಿಂದ ಹದಿನೈದರವರೆಗಿನ ಪ್ರತಿ ವರ್ಷಕ್ಕೆ ಶೇ 0.25, ಆ ಮೇಲಿನ ಪ್ರತಿ ವರ್ಷಕ್ಕೆ ಶೇ 0.5. ಇದುವರೆಗಿನ ಅತಿ ದೊಡ್ಡ ವರ್ಗಾವಣೆ 2017ರಲ್ಲಿ ನೇಮಾರ್ ಬಾರ್ಸಿಲೋನಾ ಕ್ಲಬ್ಬಿನಿಂದ ಪ್ಯಾರಿಸ್ಸಿನ ಕ್ಲಬ್ಬಿಗೆ ಹೋದದ್ದು, 22.2 ಕೋಟಿ ಯೂರೊಗೆ. ಅದರಲ್ಲಿ ಶೇ 0.25 ಎಂದರೂ ಐದೂವರೆ ಲಕ್ಷ ಯೂರೊ ದಾಟುತ್ತದೆ. ಊರ ಹೊರಗಿನ ಮಣ್ಣಿನ ಮೈದಾನದಲ್ಲಿ ಮಕ್ಕಳಿಗೆ ಚೆಂಡು ಒದೆಯಲು ಕಲಿಸುವ ಸಣ್ಣ ಕ್ಲಬ್ಬೊಂದಕ್ಕೆ ಅದರ ಹತ್ತರಲ್ಲೊಂದು ಭಾಗ ಸಿಕ್ಕಿದರೂ ವರ್ಷಗಟ್ಟಲೆ ನಡೆಯಬಹುದು. ನಮ್ಮ ತರಬೇತಿ ಕೇಂದ್ರಗಳು ಆಟಗಾರರ ನೋಂದಣಿ ದಾಖಲೆಗಳನ್ನು ಚೊಕ್ಕಟವಾಗಿ ಇಟ್ಟುಕೊಳ್ಳಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಪ್ರಶ್ನೆ: ಕ್ಲಬ್ಬಿನ ಒಡೆತನ ಅಭಿಮಾನಿಗಳ ಕೈಯಲ್ಲೇ ಇರುವ ದೇಶ ಯಾವುದಾದರೂ ಇದೆಯೇ? (ಬೆಳಗಾವಿ)

ಉತ್ತರ: ಜರ್ಮನಿ. 1998ರಿಂದ ಅಲ್ಲಿ ಕ್ಲಬ್ಬುಗಳು ಕಂಪನಿಗಳಾಗಬಹುದು, ಆದರೆ ಮತದ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಸಂಘದಲ್ಲೇ ಉಳಿಯಬೇಕು. 50+1 ಎಂದು ಕರೆಯುವುದು ಇದನ್ನೇ. ಬಾಯರ್ ಕಂಪನಿಯ ಲೆವರ್‌ಕೂಸನ್, ಫೋಕ್ಸ್‌ವ್ಯಾಗನ್‌ನ ವೋಲ್ಫ್ಸ್‌ಬರ್ಗ್‌ನಂಥ ಅಪವಾದಗಳಿವೆ. ಆ ಅಭಿಮಾನಿಗಳ ಬಲ ಎಷ್ಟೆಂಬುದು 2024ರ ಆರಂಭದಲ್ಲಿ ಕಂಡಿತು. ಲೀಗಿನ ಪ್ರಸಾರ ಹಕ್ಕಿನ ಆದಾಯದಲ್ಲಿ ಪಾಲನ್ನು ಹೂಡಿಕೆದಾರರಿಗೆ ಮಾರುವ ಯೋಜನೆಯ ವಿರುದ್ಧ ಅವರು ಪಂದ್ಯದಿಂದ ಪಂದ್ಯಕ್ಕೆ ಮೈದಾನದೊಳಗೆ ಟೆನಿಸ್ ಚೆಂಡುಗಳನ್ನೆಸೆದು ಆಟ ನಿಲ್ಲಿಸಿದರು. ಫೆಬ್ರುವರಿಯಲ್ಲಿ ಲೀಗು ಯೋಜನೆಯನ್ನೇ ಕೈಬಿಟ್ಟಿತು. 2021ರ ಏಪ್ರಿಲ್‌ನಲ್ಲಿ ಯುರೋಪಿನ ಹನ್ನೆರಡು ಶ್ರೀಮಂತ ಕ್ಲಬ್ಬುಗಳು ಸೂಪರ್ ಲೀಗ್ ಎಂಬ ತಮ್ಮದೇ ಪ್ರತ್ಯೇಕ ಟೂರ್ನಿ ಘೋಷಿಸಿದಾಗ ಜರ್ಮನಿಯ ಬಾಯರ್ನ್ ಮ್ಯೂನಿಕ್ ಮತ್ತು ಡಾರ್ಟ್‌ಮಂಡ್ ಸೇರದೆ ಉಳಿದವು.

ಸದಸ್ಯರ ಒಡೆತನವೆಂದ ಮಾತ್ರಕ್ಕೆ ಎಲ್ಲವೂ ಸರಿಯಿರುತ್ತದೆ ಎಂದು ತಿಳಿಯಬೇಡಿ. ಬಾರ್ಸಿಲೋನಾ ಕೂಡ ಸದಸ್ಯರದೇ ಕ್ಲಬ್ಬು. ಅದರ ಸಂಬಳದ ಹೊರೆ ಆದಾಯವನ್ನೇ ಮೀರಿ, 2021ರ ಆಗಸ್ಟ್‌ನಲ್ಲಿ ಮೆಸ್ಸಿಯನ್ನು ಉಳಿಸಿಕೊಳ್ಳಲಾಗಲಿಲ್ಲ. ಮರುವರ್ಷ ಲೀಗಿನ ಟಿವಿ ಹಕ್ಕಿನ ಕಾಲು ಭಾಗದ ಆದಾಯವನ್ನು 25 ವರ್ಷಗಳ ಮಟ್ಟಿಗೆ ಮಾರಿಬಿಟ್ಟರು. ಇಂದು ಹುಟ್ಟಿದ ಮಗು ಅಭಿಮಾನಿಯಾಗಿ ಬೆಳೆದು ನಿಲ್ಲುವವರೆಗಿನ ಆದಾಯ ಅದು.

ಪ್ರಶ್ನೆ: ನಾನು ಹತ್ತು ವರ್ಷಗಳಿಂದ ಲಂಡನ್ನಿನಲ್ಲಿರುವ ಕನ್ನಡಿಗ. ಇಲ್ಲಿ ಫುಟ್‌ಬಾಲಿಗೆ ಸರ್ಕಾರವೇ ನಿಯಂತ್ರಕನನ್ನು ನೇಮಿಸಿದೆ. ಆಟದಲ್ಲಿ ಸರ್ಕಾರ ಕೈಹಾಕಬೇಕಿತ್ತೇ? (ಲಂಡನ್)

ಉತ್ತರ: ನೀವಿರುವ ಊರಿನಿಂದ ಉತ್ತರಕ್ಕೆ, ಮ್ಯಾಂಚೆಸ್ಟರಿನ ಪಕ್ಕದಲ್ಲಿ ಬರಿ ಎಂಬ ಪಟ್ಟಣವಿದೆ. ಅಲ್ಲಿನ ಕ್ಲಬ್ಬು ಹುಟ್ಟಿದ್ದು 1885ರಲ್ಲಿ. 1900 ಮತ್ತು 1903ರಲ್ಲಿ ಇಂಗ್ಲೆಂಡಿನ ಹಳೆಯ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆದ್ದಿತ್ತು, ಎರಡನೆಯ ಬಾರಿ ಫೈನಲ್‌ನಲ್ಲಿ 6–0 ಅಂತರದಿಂದ. 2018ರ ಡಿಸೆಂಬರಿನಲ್ಲಿ ಅದು ಒಂದೇ ಒಂದು ಪೌಂಡ್‌ಗೆ ಕೈ ಬದಲಿಸಿತು. ಮುಂದಿನ ಬೇಸಿಗೆಯ ಹೊತ್ತಿಗೆ ತಂಡ ಮೈದಾನದಲ್ಲಿ ಗೆದ್ದು ಮೇಲಿನ ದರ್ಜೆಗೆ ಬಡ್ತಿ ಪಡೆದಿತ್ತು, ಆದರೆ ಆಟಗಾರರಿಗೆ ಸಂಬಳ ಬಂದಿರಲಿಲ್ಲ. 2019ರ ಆಗಸ್ಟ್ 27ರಂದು, ಹೊಸ ಖರೀದಿದಾರ ಬಂದಾನೆಂಬ ನಂಬಿಕೆಯಿಂದ ನೂರಾರು ಅಭಿಮಾನಿಗಳು ಗಿಗ್ ಲೇನ್ ಕ್ರೀಡಾಂಗಣಕ್ಕೆ ಹೋಗಿ ಆಸನಗಳನ್ನು ಒರೆಸಿ, ಕಸ ಗುಡಿಸಿ, ಮುಂದಿನ ಪಂದ್ಯಕ್ಕೆ ಸಿದ್ಧಗೊಳಿಸಿದರು. ಅದೇ ರಾತ್ರಿ ಕ್ಲಬ್ಬನ್ನು ಲೀಗಿನಿಂದ ಹೊರಹಾಕಲಾಯಿತು. ಆ ದಿನದ ಚಿತ್ರಗಳನ್ನು ನೋಡಿದ ಮೇಲೆ, ಫುಟ್‌ಬಾಲ್ ತನ್ನನ್ನು ತಾನೇ ಆಳಿಕೊಳ್ಳಲಿ ಎಂಬ ವಾದವನ್ನು ನಾನು ಮನಸ್ಸಿನಿಂದ ಒಪ್ಪಲಾರದವನಾದೆ.

ಅಭಿಮಾನಿಗಳಿಗೆ ಕ್ಲಬ್ಬು ನಡೆಸಲು ಬರುವುದಿಲ್ಲವೆಂದು ಹೇಳುವವರು ಪೋರ್ಟ್ಸ್‌ಮತ್ ಕಡೆಗೆ ನೋಡಲಿ. 2008ರಲ್ಲಿ ಎಫ್‌ಎ ಕಪ್ ಗೆದ್ದ ಆ ಕ್ಲಬ್ಬು 2010ರಲ್ಲಿ ದಿವಾಳಿಯಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಸೇರಿತು. ಪ್ರೀಮಿಯರ್ ಲೀಗಿನಲ್ಲಿರುವಾಗಲೇ ಆ ಗತಿ ಕಂಡ ಮೊದಲ ಕ್ಲಬ್ಬು ಅದು. ಕುಸಿಯುತ್ತಾ ನಾಲ್ಕನೆಯ ದರ್ಜೆಗೆ ಬಿದ್ದಾಗ, 2013ರಲ್ಲಿ ಕೊಂಡುಕೊಂಡವರು ಬೆಂಬಲಿಗರ ಟ್ರಸ್ಟಿನವರು. ಹಳೆಯ ಸಾಲ ತೀರಿಸಿ, ತಂಡವನ್ನು ಮತ್ತೆ ಮೇಲಕ್ಕೆತ್ತಿ, 2017ರಲ್ಲಿ ಮತ ಹಾಕಿ ತೀರ್ಮಾನಿಸಿದ ಮೇಲೆಯೇ ಅವರು ಅದನ್ನು ಹೊಸ ಮಾಲೀಕರಿಗೆ ಒಪ್ಪಿಸಿದರು.

ಇನ್ನು ಕಾನೂನು. 2021ರಲ್ಲಿ ಅಭಿಮಾನಿಗಳ ಅಹವಾಲು ಆಧರಿಸಿ ನಡೆದ ಪರಾಮರ್ಶೆಯ ಫಲವಾಗಿ ರೂಪುಗೊಂಡ ಫುಟ್‌ಬಾಲ್ ಆಡಳಿತ ಕಾಯ್ದೆಗೆ 2025ರ ಜುಲೈ 21ರಂದು ಅರಸರ ಅಂಕಿತ ಬಿತ್ತು. ಪುರುಷರ ಮೇಲಿನ ಐದು ದರ್ಜೆಗಳ ಕ್ಲಬ್ಬುಗಳು ಇನ್ನು ಮುಂದೆ ಸ್ವತಂತ್ರ ನಿಯಂತ್ರಕರಿಂದ ಪರವಾನಗಿ ಪಡೆಯಬೇಕು, ಹಣಕಾಸಿನ ಯೋಜನೆ ಒಪ್ಪಿಸಬೇಕು, ಮಾಲೀಕರ ಯೋಗ್ಯತೆಯ ಪರೀಕ್ಷೆಗೆ ಒಳಗಾಗಬೇಕು. ಲಾಂಛನ ಅಥವಾ ತವರು ಬಣ್ಣ ಬದಲಿಸಬೇಕೆಂದರೆ ಅಭಿಮಾನಿಗಳ ಅಭಿಪ್ರಾಯ ಕೇಳಬೇಕು. ಯಾರನ್ನು ಕೊಳ್ಳಬೇಕು, ಯಾರನ್ನು ಆಡಿಸಬೇಕು ಎಂಬುದಕ್ಕೆ ನಿಯಂತ್ರಕರು ತಲೆಹಾಕುವುದಿಲ್ಲ. ಮಸೂದೆ ಚರ್ಚೆಯಲ್ಲಿದ್ದಾಗ ಯೂಫಾ ಎಚ್ಚರಿಕೆಯ ಪತ್ರ ಬರೆದಿತ್ತು ಎಂಬುದು ನಿಜ. ಸಂಬಳ ನಿಂತಮೇಲೆ ಬಂದು ಅಂಕ ಕಡಿಯುವವರಿಗಿಂತ, ಸಾಲದ ಪತ್ರಕ್ಕೆ ಸಹಿ ಬೀಳುವ ಮೊದಲೇ ಪುಸ್ತಕ ತೆರೆಸುವವರು ಬೇಕು ಎಂಬುದು ನನ್ನ ನಿಲುವು. ಕಾಯ್ದೆ ಬಂದ ಮೂರೇ ತಿಂಗಳಿಗೆ, ನಿಯಂತ್ರಕರ ಅಧಿಕಾರ ಪೂರ್ತಿ ಜಾರಿಯಾಗುವ ಮೊದಲೇ, ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ಬು ಆಡಳಿತಾಧಿಕಾರಿಗಳ ಕೈಸೇರಿ ಹನ್ನೆರಡು ಅಂಕ ಕಳೆದುಕೊಂಡಿತು.

ಪ್ರಶ್ನೆ: ದೂರದ ಕ್ಲಬ್ಬುಗಳ ಮಾತು ಹಾಗಿರಲಿ. ನಮ್ಮ ಬೆಂಗಳೂರು ಎಫ್‌ಸಿಯೇ ಆಟಗಾರರ ಸಂಬಳ ನಿಲ್ಲಿಸುವ ಸ್ಥಿತಿ ಏಕೆ ಬಂತು? ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗುವ ನಮ್ಮಂಥವರು ಏನು ಕೇಳಬೇಕು? (ಬೆಂಗಳೂರು, ಆಸ್ಟಿನ್ ಟೌನ್)

ಉತ್ತರ: ನಿಮ್ಮ ಬಡಾವಣೆಯಿಂದ ಈ ಪ್ರಶ್ನೆ ಬಂದದ್ದು ಸಹಜವೇ. ಗಲ್ಲಿಗಲ್ಲಿಯಲ್ಲಿ ಫುಟ್‌ಬಾಲ್ ಉಸಿರಾಡುವ ಜಾಗ ಅದು. ಬೆಂಗಳೂರು ಎಫ್‌ಸಿಯನ್ನು ಜೆಎಸ್‌ಡಬ್ಲ್ಯು ಸಮೂಹ ಕಟ್ಟಿದ್ದು 2013ರಲ್ಲಿ. ಮೊದಲ ಋತುವಿನಲ್ಲೇ ಆಗಿನ ರಾಷ್ಟ್ರೀಯ ಲೀಗಾದ ಐ-ಲೀಗ್ ಗೆದ್ದ ತಂಡ 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿತು, 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿ ಎತ್ತಿತು. ಇಂಥ ಕ್ಲಬ್ಬು 2025ರ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಇಲ್ಲಿ ಎವರ್ಟನ್‌ನಂತೆ ಮಿತಿ ಮೀರಿ ಆಟಗಾರರನ್ನು ಕೊಂಡ ಕಥೆಯಿಲ್ಲ. ಆಡಬೇಕಾದ ಲೀಗೇ ನಡೆಯುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 2010ರಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು ಒಂದು ಒಪ್ಪಂದದ ಮೂಲಕ ಹದಿನೈದು ವರ್ಷಗಳಿಗೆ ಬಿಟ್ಟುಕೊಟ್ಟಿತ್ತು. ಅದರಿಂದ ಫೆಡರೇಶನ್ನಿಗೆ ವರ್ಷಕ್ಕೆ ಬರುತ್ತಿದ್ದದ್ದು 50 ಕೋಟಿ ರೂಪಾಯಿ. ಒಪ್ಪಂದ ಮುಗಿಯುವುದು 2025ರ ಡಿಸೆಂಬರಿನಲ್ಲಿ ಎಂದು ಸಹಿ ಹಾಕಿದ ದಿನವೇ ಎಲ್ಲರಿಗೂ ಗೊತ್ತಿತ್ತು. ಆದರೂ ನವೀಕರಣ ತೀರ್ಮಾನವಾಗದೆ ಜುಲೈನಲ್ಲಿ ಲೀಗು ತಡೆಹಿಡಿಯಲ್ಪಟ್ಟಿತು, ಫೆಡರೇಶನ್ನಿನ ನಿಯಮಾವಳಿಯ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿತ್ತು, ಹೊಸ ಟೆಂಡರ್ ಕರೆದಾಗ ಒಬ್ಬರೂ ಬಿಡ್ ಸಲ್ಲಿಸಲಿಲ್ಲ. ಒಂದೇ ಕಂಬದ ಮೇಲೆ ಚಪ್ಪರ ಹಾಕಿದ್ದರ ಫಲ ಇದು.

ಆಡಳಿತದ ಎಡವಟ್ಟಿಗೆ ಆಟಗಾರರು ಬೆಲೆ ತೆರುವುದು ನಮ್ಮಲ್ಲಿ ಇದೇ ಮೊದಲಲ್ಲ. 2022ರ ಆಗಸ್ಟ್ 15ರಂದು, ಹೊರಗಿನ ಹಸ್ತಕ್ಷೇಪದ ಕಾರಣ ನೀಡಿ ಫಿಫಾ ನಮ್ಮ ಫೆಡರೇಶನ್ನನ್ನು ಅಮಾನತುಗೊಳಿಸಿದಾಗ, ಗೋಕುಲಂ ಕೇರಳದ ಮಹಿಳಾ ತಂಡ ಏಷ್ಯಾದ ಕ್ಲಬ್ ಟೂರ್ನಿಗಾಗಿ ಉಜ್ಬೇಕಿಸ್ತಾನ ತಲುಪಿಯಾಗಿತ್ತು. ಹನ್ನೊಂದು ದಿನಗಳ ಬಳಿಕ ಅಮಾನತು ತೆರವಾಯಿತು. ಆ ಹುಡುಗಿಯರಂತೂ ಆಡದೆಯೇ ಮರಳಿದರು.

ನಾನು ಚಿಕ್ಕವನಿದ್ದಾಗ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಐಟಿಐ, ಎಚ್‌ಎಎಲ್ ತಂಡಗಳ ಪಂದ್ಯ ನೋಡುತ್ತಿದ್ದೆ. ಆ ಆಟಗಾರರಿಗೆ ಕಾರ್ಖಾನೆಯ ನೌಕರಿಯಿತ್ತು. ಲೀಗು ನಿಂತರೂ ಮನೆಯ ಒಲೆ ಉರಿಯುತ್ತಿತ್ತು. ಆ ಕಾಲವೇ ಚೆಂದವಿತ್ತು ಎಂದು ನಾನು ಹೇಳುವುದಿಲ್ಲ, ಏಕೆಂದರೆ ವೃತ್ತಿಪರ ಕ್ಲಬ್ಬುಗಳು ಬಂದದ್ದರಿಂದಲೇ ನಮ್ಮ ಹುಡುಗರಿಗೆ ಒಳ್ಳೆಯ ತರಬೇತಿ, ಒಳ್ಳೆಯ ಸಂಬಳ ಸಿಕ್ಕಿತು. ಆದರೆ ನೌಕರಿಯ ಭದ್ರತೆಯನ್ನು ತೆಗೆದುಹಾಕಿದವರು ಅದರ ಜಾಗದಲ್ಲಿ ಕರಾರಿನ ಭದ್ರತೆಯನ್ನಾದರೂ ಕೊಡಬೇಕಾಗಿತ್ತು.

ಏನು ಕೇಳಬೇಕೆಂದಿರಿ. ಮೊದಲನೆಯದಾಗಿ, ಪ್ರಸಾರ ಹಕ್ಕಿನ ಹೊಸ ಒಪ್ಪಂದ ಯಾವಾಗ ಆದರೂ ಅದರ ಅವಧಿ, ಮೊತ್ತ, ಕ್ಲಬ್ಬುಗಳ ಪಾಲು ಇವನ್ನು ಪ್ರಕಟಿಸಬೇಕೆಂದು ಫೆಡರೇಶನ್ನನ್ನು ಕೇಳಿ. ಮುಗಿಯುವ ಎರಡು ವರ್ಷ ಮುಂಚೆಯೇ ಮುಂದಿನ ಮಾತುಕತೆ ಆರಂಭವಾಗಬೇಕೆಂಬ ಷರತ್ತನ್ನು ಅದರಲ್ಲೇ ಬರೆಸಲು ಒತ್ತಾಯಿಸಿ. ಕ್ಲಬ್ ಪರವಾನಗಿಯ ನಿಯಮಗಳಲ್ಲಿ ಲೆಕ್ಕಪರಿಶೋಧನೆಯಾದ ಪತ್ರಗಳನ್ನು ಒಪ್ಪಿಸುವ ಷರತ್ತು ಈಗಾಗಲೇ ಇದೆ, ಅದರ ಸಾರಾಂಶ ಅಭಿಮಾನಿಗಳಿಗೂ ಸಿಗಲಿ. ಅಲ್ಲಿಯವರೆಗೆ ನೀವೇ ಮಾಡಬಹುದಾದ ಕೆಲಸವೊಂದಿದೆ. ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ನೋಂದಾಯಿತವಾದ ಯಾವುದೇ ಕ್ಲಬ್ಬಿನ ವಾರ್ಷಿಕ ಲೆಕ್ಕಪತ್ರವನ್ನು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ನಿಮ್ಮ ಗುಂಪಿನಲ್ಲಿ ಲೆಕ್ಕ ಓದಬಲ್ಲವರೊಬ್ಬರು ಇದ್ದೇ ಇರುತ್ತಾರೆ. ಕಳೆದ ಮೂರು ವರ್ಷಗಳ ಪತ್ರ ತೆಗೆದು ಸಂಬಳದ ಖರ್ಚು, ಒಟ್ಟು ಆದಾಯ, ಮಾಲೀಕರು ತುಂಬಿದ ಹಣ ಈ ಮೂರು ಸಾಲುಗಳನ್ನು ಪಕ್ಕಪಕ್ಕದಲ್ಲಿ ಬರೆದುನೋಡಿ. ನಿಮಗೆ ಕಂಡದ್ದನ್ನು ಈ ಅಂಕಣಕ್ಕೆ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಅದರ ಮೇಲೆಯೇ ಚರ್ಚಿಸೋಣ.